ಶಾಲೆಯ ದಾಖಲೆಗೆ ಮನೆಯಿಂದ ದಾರಿ

ಮಕ್ಕಳ ಹಾಜರಿ, ಅಂಕ, ಜಾತಿ, ಆದಾಯ, ಆಧಾರ್ ಸಂಖ್ಯೆ ಎಲ್ಲ ಶಾಲೆಯ ಕಂಪ್ಯೂಟರಿನ ಡೇಟಾಬೇಸಿನಲ್ಲಿದೆ. ಮನೆಯಿಂದಲೇ ನೋಡುವಂತಾದರೆ ಒಳ್ಳೆಯದಿತ್ತು ಅಂತ ನಿಮಗೂ ಅನಿಸಿರಬಹುದು. ಮಾಡಬಹುದು. ಆದರೆ ರೂಟರಿನಲ್ಲಿ ಮೈಎಸ್‌ಕ್ಯೂಎಲ್‌ನ 3306ನೇ ಪೋರ್ಟನ್ನು ನೇರವಾಗಿ ತೆರೆದಿಡುವ ಸುಲಭದ ದಾರಿ ಬೇಡವೇ ಬೇಡ. ಇಂಥ ತೆರೆದ ಬಾಗಿಲು ಹುಡುಕುವ ಪ್ರೋಗ್ರಾಮುಗಳು ಹಗಲೂ ರಾತ್ರಿ ಅಂತರ್ಜಾಲವನ್ನು ತಡಕುತ್ತಿರುತ್ತವೆ. 2017ರ ಜನವರಿಯಲ್ಲಿ ಪಾಸ್‌ವರ್ಡ್ ಇಲ್ಲದೆ ಬಿಟ್ಟಿದ್ದ ಸಾವಿರಾರು ಮೊಂಗೋಡಿಬಿ ಡೇಟಾಬೇಸುಗಳನ್ನು ಅಳಿಸಿ, ಹಣ ಕೇಳುವ ಚೀಟಿ ಇಟ್ಟು ಹೋದರು.

ಬದಲಿಗೆ ವೈರ್‌ಗಾರ್ಡ್ ಬಳಸಿ. ಇದು ಉಚಿತ, 2020ರಿಂದ ಲಿನಕ್ಸ್ ಕರ್ನೆಲಿನಲ್ಲೇ ಇದೆ. ಶಾಲೆಗೂ ನಿಮ್ಮ ಲ್ಯಾಪ್‌ಟಾಪಿಗೂ ನಡುವೆ ಗೂಢಲಿಪಿಯ ಸುರಂಗ ಅಂದುಕೊಳ್ಳಿ. ಹೊರಗೆ ತೆರೆಯುವುದು ಒಂದೇ ಯುಡಿಪಿ ಪೋರ್ಟ್, ಸಾಮಾನ್ಯವಾಗಿ 51820. ಪಟ್ಟಿಯಲ್ಲಿ ಇಲ್ಲದ ಕೀಲಿಯವರು ಬಂದು ತಟ್ಟಿದರೆ ಉತ್ತರವೇ ಬರುವುದಿಲ್ಲ! (ಶಾಲೆಯ ಸಂಪರ್ಕಕ್ಕೆ ಸಾರ್ವಜನಿಕ ಐಪಿ ವಿಳಾಸ ಇದೆಯೇ ಅಂತ ಇಂಟರ್ನೆಟ್ ಕೊಟ್ಟವರ ಹತ್ತಿರ ಮೊದಲೇ ಕೇಳಿಕೊಳ್ಳಿ.)

ಕಂಪ್ಯೂಟರ್ ಗೊತ್ತಿರುವ ಒಬ್ಬರು ಒಮ್ಮೆ ಕೂತು ಮಾಡಿಕೊಟ್ಟರೆ ಉಳಿದವರಿಗೆ ಸ್ವಿಚ್ ಒತ್ತುವ ಕೆಲಸ ಮಾತ್ರ. ಒಬ್ಬೊಬ್ಬರಿಗೂ ಬೇರೆ ಕೀಲಿಯ ಕಡತ ಇರಲಿ. ಅದನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಪೆನ್‌ಡ್ರೈವಿನಲ್ಲಿ ಕೈಯಾರೆ ಕೊಡಿ. ಯಾರದ್ದಾದರೂ ಲ್ಯಾಪ್‌ಟಾಪ್ ಕಳೆದರೆ ಆ ಒಂದು ಕೀಲಿ ಅಳಿಸಿದರಾಯ್ತು, ಉಳಿದವರ ಕೆಲಸ ನಿಲ್ಲುವುದಿಲ್ಲ.

ಸುರಂಗ ಇದ್ದರೆ ಸಾಲದು. ನೋಡುವವರ ಡೇಟಾಬೇಸ್ ಖಾತೆಗೆ 'ಸೆಲೆಕ್ಟ್' ಅಧಿಕಾರ ಮಾತ್ರ ಕೊಡಿ. ಆಗ ಲಿಬ್ರೆಆಫೀಸ್ ಬೇಸ್‌ನಲ್ಲಿ ಪಟ್ಟಿ ನೋಡುತ್ತಾ ಕೈತಪ್ಪಿ ಅಳಿಸುವ ಗುಂಡಿ ಒತ್ತಿದರೂ ಮಕ್ಕಳ ಅಂಕ ಅಲ್ಲೇ ಇರುತ್ತದೆ.