ಮಗುವಿನ ಫಿಟ್ಸ್‌ಗೆ ತಾಯಿಯನ್ನು ದೂರಬೇಡಿ

ಮಗುವಿಗೆ ಫಿಟ್ಸ್ ಬಂದರೆ ನಮ್ಮಲ್ಲಿ ಮೊದಲು ಕೇಳುವುದು, “ತಾಯಿ ಕಡೆಯಲ್ಲಿ ಯಾರಿಗಾದ್ರೂ ಇತ್ತಾ?” ಆಮೇಲೆ ಉಸ್ತಾದರ ಬಳಿ ನೂಲು ಮಂತ್ರಿಸಿ ಕಟ್ಟುವುದು. ದುಆ ಮಾಡೋಣ, ಆದರೆ ಔಷಧಿ ನಿಲ್ಲಿಸುವುದು ಬೇಡ. ಪ್ರತಿ ರೋಗಕ್ಕೂ ಅಲ್ಲಾಹನು ಔಷಧಿ ಇಟ್ಟಿದ್ದಾನೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ.

ಕೆಲವು ಮಕ್ಕಳ ಮೂರ್ಛೆರೋಗಕ್ಕೆ ವಂಶವಾಹಿಯಲ್ಲಿ, ಅಂದರೆ ಜೀನ್‌ನಲ್ಲಿ ಆದ ಬದಲಾವಣೆ ಕಾರಣ. ಡ್ರಾವೆ ಸಿಂಡ್ರೋಮ್ ಅಂಥದ್ದು. ಮೊದಲ ವರ್ಷದಲ್ಲೇ, ಹೆಚ್ಚಾಗಿ ಜ್ವರದ ಜೊತೆಗೆ ಶುರುವಾಗುತ್ತದೆ. ಇದರಲ್ಲಿ ಬಹುತೇಕ ಮಕ್ಕಳಿಗೆ ಬದಲಾವಣೆ ಹೊಸದಾಗಿ ಆಗಿರುತ್ತದೆ, ತಂದೆ ತಾಯಿಯಿಂದ ಬಂದದ್ದಲ್ಲ. ಮತ್ತೆ ಸೊಸೆಯನ್ನು ದೂರುವುದೇಕೆ? ಕಾರಣ ತಿಳಿದರೆ ಔಷಧಿಯೂ ಬದಲಾಗುತ್ತದೆ. ಹಲವರಿಗೆ ಗುಣ ಕೊಡುವ ಕಾರ್ಬಮಜೆಪೈನ್ ಮಾತ್ರೆ ಈ ಮಕ್ಕಳಲ್ಲಿ ಫಿಟ್ಸ್ ಹೆಚ್ಚಿಸಬಹುದು.

ಮಾತು, ನಡಿಗೆ, ಕಲಿಕೆಯೂ ಹಿಂದೆ ಬೀಳುವುದರಿಂದ ಒಬ್ಬರೇ ಡಾಕ್ಟರ್ ಸಾಲುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ, ವಂಶವಾಹಿ, ಮಕ್ಕಳ ಮನೋವೈದ್ಯ, ವಾಕ್ ಚಿಕಿತ್ಸೆ ವಿಭಾಗಗಳು ಒಂದೇ ಸಂಸ್ಥೆಯಲ್ಲಿವೆ. ಕೆಲವು ಮಕ್ಕಳಿಗೆ ಕೊಬ್ಬು ಹೆಚ್ಚಿರುವ ಕೀಟೋಜೆನಿಕ್ ಆಹಾರವೂ ಫಲ ಕೊಡುತ್ತದೆ, ಆದರೆ ತಜ್ಞರ ನಿಗಾ ಬೇಕೇ ಬೇಕು.

ಹೂವಿನಹಡಗಲಿಯಂಥ ಊರಲ್ಲಿರುವ ಮನೆಯವರಿಗೆ ಬೆಂಗಳೂರು ದೂರ. ಮೊದಲು ತಾಲ್ಲೂಕು ಆಸ್ಪತ್ರೆಗೆ ತೋರಿಸಿ, ಚೀಟಿ ಬರೆಸಿಕೊಳ್ಳಿ. ಫಿಟ್ಸ್ ಬಂದಾಗ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ತಜ್ಞರಿಗೆ ಅದು ಬಹಳ ಉಪಯೋಗ. ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಕೈಗೆ ಕಬ್ಬಿಣ, ಬಾಯಿಗೆ ಚಮಚ ಬೇಡ. 5 ನಿಮಿಷ ದಾಟಿದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ.

ಬಸ್ಸಿನ ಖರ್ಚು, ಉಳಿದುಕೊಳ್ಳುವ ಖರ್ಚಿಗೆ ನಮ್ಮ ಜಮಾಅತ್‌ಗಳು ಕೈಜೋಡಿಸಲಿ. ಹುಷಾರಿಲ್ಲದವರನ್ನು ನೋಡಿಕೊಳ್ಳುವುದೂ ನಮ್ಮ ದೀನಿನ ಕೆಲಸವೇ.