ಓನೊಮಿಚಿಯ ವೃದ್ಧರು

ಪರದೇಶದ ಚಲಚ್ಚಿತ್ರಗಳನ್ನು ನೋಡುವ ಹವ್ಯಾಸವುಳ್ಳವರನ್ನು ನಮ್ಮ ಜನ ಕೊಂಚ ಅನುಮಾನದಿಂದಲೇ ಕಾಣುವರು. ಭಾಷೆ ತಿಳಿಯದು, ಹಾಡಿಲ್ಲ, ಕುಣಿತವಿಲ್ಲ. ಹೀಗಿರಲು ಈತನಿಗೆ ಅದರಲ್ಲಿ ದೊರೆಯುವ ಸುಖವಾದರೂ ಏನು? ಈ ಪ್ರಶ್ನೆ ನನ್ನ ವಿದ್ಯಾರ್ಥಿಗಳ ಕಣ್ಣಿನಲ್ಲಿಯೂ ಒಮ್ಮೊಮ್ಮೆ ಸಹೋದ್ಯೋಗಿಗಳ ನಗೆಯಲ್ಲಿಯೂ ಸುಳಿದುದುಂಟು. ಈ ಮಳೆಗಾಲದಲ್ಲಿ ಇನ್ನಂಜೆಯ ನಮ್ಮ ಮನೆಯಲ್ಲಿ ಕುಳಿತು ನೋಡಿದ ಎರಡು ಜಪಾನೀ ಚಿತ್ರಗಳ ನೆಪದಿಂದ ಅದಕ್ಕೊಂದು ಉತ್ತರವನ್ನು ಹುಡುಕಲೆಳಸುತ್ತೇನೆ.

ಇಂಥ ಚಿತ್ರಗಳು ನಮ್ಮವರಿಗೆ ಸುಲಭವಾಗಿ ದಕ್ಕಿದವಲ್ಲ. 1952ರಲ್ಲಿ ಮುಂಬಯಿಯಲ್ಲಿ ಆರಂಭವಾದ ಭಾರತದ ಮೊದಲ ಅಂತಾರಾಷ್ಟ್ರೀಯ ಚಲಚ್ಚಿತ್ರೋತ್ಸವದಲ್ಲಿ ಇಟಲಿಯ ದೆ ಸಿಕಾನ ‘ಬೈಸಿಕಲ್ ಥೀವ್ಸ್’ ಪ್ರದರ್ಶಿತವಾಯಿತು; ಆದರೆ ಆ ಭಾಗ್ಯ ದೊಡ್ಡ ನಗರಗಳ ರಸಿಕರದು. ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಕನ್ನಡದ ಹಳ್ಳಿಗೆ ಕರೆತಂದವರಲ್ಲಿ ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರು ಪ್ರಮುಖರು. 1949ರಲ್ಲಿ ಹುಟ್ಟಿದ ನೀನಾಸಮ್ 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿದ ಮೇಲೆ, ಅಡಕೆಯ ತೋಟದಿಂದ ನೇರವಾಗಿ ಬಂದವರೂ ಕುರೊಸಾವಾನನ್ನೂ ಸತ್ಯಜಿತ್ ರಾಯರನ್ನೂ ಕುರಿತು ಮಾತನಾಡುವಂತಾಯಿತು. ಇಂದಿನ ಮಾತೇ ಬೇರೆ. ಅಂಗೈಯಗಲದ ಯಂತ್ರದೊಳಗೆ ಜಗತ್ತೆಲ್ಲ ಬಂದು ಕುಳಿತಿದೆ. ಕುಳಿತು ನೋಡುವ ತಾಳ್ಮೆಯೊಂದೇ ದುರ್ಲಭ.

ಮೊದಲು ನೋಡಿದುದು ಕುರೊಸಾವಾನ ‘ರಾಶೊಮೊನ್’. 1950ರ ಈ ಚಿತ್ರ ಮರುವರ್ಷ ವೆನಿಸ್ಸಿನಲ್ಲಿ ಪರಮೋಚ್ಚ ಪುರಸ್ಕಾರವನ್ನು ಪಡೆಯಿತು. ಕಾಡಿನಲ್ಲಿ ಒಬ್ಬ ಸಮುರಾಯಿಯ ಸಾವು. ಅದನ್ನು ಕುರಿತು ಒಂದಕ್ಕೊಂದು ಹೊಂದದ ಸಾಕ್ಷ್ಯಗಳು. ಅವುಗಳಲ್ಲಿ ಒಂದು ಸತ್ತವನದೇ. ಪಾತ್ರಿಯೊಬ್ಬಳ ಮೈಮೇಲೆ ಬಂದು, ಗಂಡುದನಿಯಲ್ಲಿ ಅವನು ನುಡಿಯುತ್ತಾನೆ. ಪಾಶ್ಚಾತ್ಯ ಪ್ರೇಕ್ಷಕನಿಗೆ ಇದು ಬರಿಯ ವೈಚಿತ್ರ್ಯವಾಗಿ ತೋರಿದರೆ ಆಶ್ಚರ್ಯವಿಲ್ಲ. ಭೂತಕೋಲದ ದೀವಟಿಗೆಯ ಬೆಳಕಿನಲ್ಲಿ ದೈವದ ನುಡಿಯನ್ನು ಕೇಳಿ ಬೆಳೆದ ತುಳುನಾಡಿನವನಿಗೆ ಆ ದೃಶ್ಯ ಹೊಸದಲ್ಲ. ಆದುದರಿಂದಲೇ ಮುಂದಿನ ಆಘಾತ ನಮಗೆ ಹೆಚ್ಚಿನದು. ಸತ್ತವನ ಮಾತೂ ಸುಳ್ಳೆಂದು ಸೌದೆ ಕಡಿಯುವವನು ಹೇಳುವಾಗ, ನಮ್ಮ ಅಂಗಳದಲ್ಲಿ ಪ್ರಮಾಣವೆಂದು ನಂಬಿದ ಯಾವುದೋ ಒಂದು ಅಲುಗಿದಂತಾಗುತ್ತದೆ. ಚಿತ್ರ ಪರದೇಶದ್ದು; ಪೆಟ್ಟು ಬಿದ್ದುದು ನಮ್ಮ ಮನೆಯ ಬಾಗಿಲಿಗೆ.

ಎರಡನೆಯದು ಓಜು ಎಂಬ ದಿಗ್ದರ್ಶಕನ 1953ರ ‘ಟೋಕಿಯೊ ಸ್ಟೋರಿ’. ಅದನ್ನು ನೋಡಿದುದು ಒಂದು ಆದಿತ್ಯವಾರ. ಬೆಳಗ್ಗೆ ಕೊಯ್ದ ಮಲ್ಲಿಗೆಯನ್ನು ಕಟ್ಟಿ, ಹೂವಿನವರಿಗೆ ಕೊಟ್ಟು ಬಂದ ತಾಯಿ, ಹೊರಗೆ ಮಳೆ ಹಿಡಿದುದರಿಂದ, ನನ್ನ ಬಳಿಯಲ್ಲೇ ಚಾಪೆ ಹಾಸಿ ಕುಳಿತರು. ಆಕೆಗೆ ಜಪಾನೀ ಭಾಷೆ ಎಲ್ಲಿಂದ ಬರಬೇಕು? ಅಡಿಬರಹದ ಇಂಗ್ಲಿಷೂ ಬಾರದು. ನಾನು ತುಳುವಿನಲ್ಲಿ ಆಗಾಗ ಒಂದೆರಡು ಮಾತು ಹೇಳುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಕೈಯೆತ್ತಿ, ಸಾಕೆಂದರು. ಓಜುವಿನ ಕ್ಯಾಮರಾ ನೆಲದಿಂದ ತುಸುವೇ ಮೇಲೆ, ಚಾಪೆಯ ಮೇಲೆ ಕುಳಿತವನ ಕಣ್ಣಿನ ಎತ್ತರಕ್ಕೆ ಸಮೀಪವಾಗಿ ನಿಂತು ಲೋಕವನ್ನು ಕಾಣುತ್ತದೆ. ತಾಯಿ ಕುಳಿತ ಎತ್ತರವೂ ಅದೇ ಆಗಿತ್ತು.

ಕಥೆ ಬಹಳ ಸಣ್ಣದು. ಓನೊಮಿಚಿ ಎಂಬ ಕಡಲಂಚಿನ ಊರಿನ ವೃದ್ಧ ದಂಪತಿಗಳು ಮಕ್ಕಳನ್ನು ನೋಡಲು ರೈಲು ಹತ್ತಿ ರಾಜಧಾನಿಗೆ ಹೋಗುತ್ತಾರೆ. ಮಗ ವೈದ್ಯ; ಮಗಳು ಕೇಶಾಲಂಕಾರದ ಅಂಗಡಿ ಇಟ್ಟವಳು. ಇಬ್ಬರಿಗೂ ಬಿಡುವಿಲ್ಲ. ಯುದ್ಧದಲ್ಲಿ ಮಡಿದ ಇನ್ನೊಬ್ಬ ಮಗನ ಹೆಂಡತಿ ನೊರಿಕೊ ಮಾತ್ರ ಕೆಲಸಕ್ಕೆ ರಜೆ ಹಾಕಿ ಅವರಿಗೆ ನಗರವನ್ನು ತೋರಿಸುತ್ತಾಳೆ. ಮಕ್ಕಳು ಹಣ ಕೂಡಿಸಿ ಹೆತ್ತವರನ್ನು ಅತಾಮಿಯ ಬಿಸಿನೀರ ಬುಗ್ಗೆಗಳ ಊರಿಗೆ ಸಾಗಹಾಕುತ್ತಾರೆ. ಅಲ್ಲಿಯ ಗದ್ದಲದಲ್ಲಿ ಮುದುಕರಿಗೆ ನಿದ್ದೆ ಬಾರದು. ಊರಿಗೆ ಮರಳಿದ ಮೇಲೆ ತಾಯಿ ತೀರಿಕೊಳ್ಳುತ್ತಾಳೆ. ಇಷ್ಟೇ.

ಅತಾಮಿಯ ದೃಶ್ಯದಲ್ಲಿ ನಾನು ಪರದೆಯಿಂದ ಕಣ್ಣು ತೆಗೆದೆ. ಇಪ್ಪತ್ತು ವರ್ಷಗಳ ಹಿಂದೆ, ನಾನು ಬೆಂಗಳೂರಿನಲ್ಲಿ ಹೊಸತಾಗಿ ಕೆಲಸಕ್ಕೆ ಸೇರಿದ್ದಾಗ, ತಂದೆ ನನ್ನನ್ನು ನೋಡಲು ಬಂದಿದ್ದರು. ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲಿತ್ತು. ಊರು ತೋರಿಸುವ ಬಸ್ಸಿಗೆ ಟಿಕೇಟು ಕೊಂಡು, ಎರಡು ದಿನವೂ ಅವರನ್ನು ಒಬ್ಬರನ್ನೇ ಕುಳ್ಳಿರಿಸಿ ಕಳುಹಿದೆ. ಮೂರನೆಯ ದಿನ ಅವರು ಊರಿಗೆ ಹೊರಟರು. ಅದೇ ಕೊನೆಯ ಪ್ರವಾಸ.

ತಾಯಿಗೂ ಅದೇ ನೆನಪು ಬಂದಿರಬೇಕು. ಪರದೆಯನ್ನು ನೋಡುತ್ತಲೇ, “ಅಂದು ಬಂದವರು ಲಾಲ್‌ಬಾಗು ಬಹಳ ಚೆಂದವೆಂದು ಹೇಳಿದ್ದರು. ನಿನ್ನ ವಿಷಯ ಕೇಳಿದ್ದಕ್ಕೆ, ಮಗನಿಗೆ ಒಳ್ಳೆಯ ಕೆಲಸವೆಂದರು” ಎಂದರು. ಓನೊಮಿಚಿಯ ಮುದುಕನೂ ತನ್ನ ಮಕ್ಕಳು ಎಷ್ಟೋ ಜನರ ಮಕ್ಕಳಿಗಿಂತ ಮೇಲೆಂದು ಹೆಂಡತಿಯೊಡನೆ ಸಮಾಧಾನ ಪಡುತ್ತಾನೆ. ಸಾವಿನ ಮನೆಯಲ್ಲಿಯೇ ತಾಯಿಯ ಬಟ್ಟೆಯನ್ನು ನೆನಪಿಗೆಂದು ಕೇಳುವ ಮಗಳನ್ನು ಕಂಡು ನಾನು ಏನೋ ಕಟುವಾಗಿ ಅಂದೆ. ತಾಯಿ ಒಪ್ಪಲಿಲ್ಲ. “ಅವಳು ಕೆಟ್ಟವಳಲ್ಲ, ಅವಳಿಗೆ ಕೆಲಸ ಉಂಟು” ಎಂದರು.

ಧ್ವನಿಯೆಂದರೇನೆಂದು ತರಗತಿಯಲ್ಲಿ ಆನಂದವರ್ಧನನ ಹೆಸರು ಹೇಳಿ ಪ್ರತಿ ವರ್ಷ ಪಾಠ ಮಾಡುತ್ತೇನೆ. ಎರಡೂಕಾಲು ಗಂಟೆಯ ಈ ಚಿತ್ರದಲ್ಲಿ ದುಃಖವನ್ನು ಬಾಯ್ಬಿಟ್ಟು ಆಡುವ ಮಾತುಗಳು ಕೆಲವೇ. ಆಡದೆ ಉಳಿದುದೆಲ್ಲ ನೋಡುವವನ ಮನೆಗೆ ಬಂದು ಕುಳಿತುಕೊಳ್ಳುತ್ತದೆ. ಅದರಲ್ಲಿ ಸುಖವೇನೆಂದು ಕೇಳುವ ವಿದ್ಯಾರ್ಥಿಗೆ, ಸುಖವೆಂಬ ಮಾತು ಸಾಲದೆಂದಷ್ಟೇ ಹೇಳಬಲ್ಲೆ.

ಚಿತ್ರ ಮುಗಿಯಿತು. ಮುದುಕನೊಬ್ಬನೇ ಮನೆಯಲ್ಲಿ ಕುಳಿತಿದ್ದ. ದೂರದಲ್ಲಿ ದೋಣಿಯೊಂದು ಸಾಗುತ್ತಿತ್ತು. ತಾಯಿ ಚಾಪೆಯನ್ನು ಸುತ್ತುತ್ತ, “ಇನ್ನು ಅವನಿಗೆ ಅನ್ನ ಮಾಡಿ ಬಡಿಸುವವರು ಯಾರು?” ಎಂದು ಕೇಳಿದರು.

“ಕಿರಿಯ ಮಗಳು ಮನೆಯಲ್ಲೇ ಇದ್ದಾಳೆ. ಅದೇ ಊರಿನ ಶಾಲೆಯಲ್ಲಿ ಅಧ್ಯಾಪಿಕೆ.”

“ಹಾಗಾದರೆ ಆಯಿತು” ಎಂದು, ನನ್ನ ಮುಖವನ್ನೊಮ್ಮೆ ನೋಡಿ, ಒಳಗೆ ಹೋದರು.