ಚಮಚ ಗಂಡು, ಫೋರ್ಕು ಹೆಣ್ಣು

ಜರ್ಮನಿಗೆ ಬಂದು ಎರಡು ವರ್ಷವಾದರೂ ನಾವು ಜರ್ಮನ್ ಕಲಿತಿರಲಿಲ್ಲ. ಹೀಗೆ ಬರೆಯಲು ಸಂಕೋಚವಾಗುತ್ತದೆ. ಆದರೆ ಸಂಘದ ಹಲವು ಮನೆಗಳಲ್ಲಿ ಇದೇ ಕಥೆ ಇರುವುದರಿಂದ ಧೈರ್ಯ ಮಾಡಿದ್ದೇವೆ. ಟ್ಯೂಬಿಂಗನ್ನಿನ ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಇಂಗ್ಲಿಷ್ ಬಲ್ಲವರು, ಸಂಶೋಧನಾ ಪ್ರಬಂಧಗಳೂ ಇಂಗ್ಲಿಷಿನಲ್ಲೇ. ಮನೆಗೆ ಬಂದರೆ ಅನ್ನ, ಸಾರು, ಕನ್ನಡ. ಇನ್ನೇನು ಬೇಕು ಎಂದು ದಿನ ದೂಡುತ್ತಿದ್ದೆವು.

ಕಣ್ಣು ತೆರೆಸಿದ್ದು ಒಂದು ಚಳಿಗಾಲದ ಬೆಳಗ್ಗೆ. ಶ್ರೀಮತಿಯವರಿಗೆ ವಿಪರೀತ ಹೊಟ್ಟೆನೋವು. ವೈದ್ಯರಲ್ಲಿಗೆ ಹೋದರೆ ಅಲ್ಲಿ ಇಂಗ್ಲಿಷ್ ನಡೆಯಲಿಲ್ಲ. ಕಿಂಡರ್‌ಗಾರ್ಟನ್‌ಗೆ ಹೋಗುತ್ತಿದ್ದ ಐದು ವರ್ಷದ ಮಗಳು, ಅಮ್ಮನಿಗೆ ನೋವು ಎಲ್ಲಿ, ಯಾವಾಗಿನಿಂದ ಎಂಬುದನ್ನು ಜರ್ಮನಿನಲ್ಲಿ ಹೇಳಿದಳು. ಡಾಕ್ಟರೇಟ್ ಪಡೆದ ನಾವು ಕೋಟು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆವು. ನೋವು ವಾಸಿಯಾಯಿತು, ನಾಚಿಕೆ ವಾಸಿಯಾಗಲಿಲ್ಲ. ಮುಂದಿನ ವಾರವೇ ಇಬ್ಬರೂ ಫೋಲ್ಕ್ಸ್‌ಹೋಖ್‌ಶೂಲೆ ಎಂಬ ಊರಿನ ವಯಸ್ಕರ ಶಾಲೆಯ ಸಂಜೆ ತರಗತಿಗೆ ಹೆಸರು ಕೊಟ್ಟೆವು.

ಮೊದಲ ಪಾಠವೇ ಊಟದ ಮೇಜು. ಚಮಚ ‘ಡೆರ್ ಲ್ಯೋಫೆಲ್’, ಪುಲ್ಲಿಂಗ. ಫೋರ್ಕು ‘ಡೀ ಗಾಬೆಲ್’, ಸ್ತ್ರೀಲಿಂಗ. ಚಾಕು ‘ಡಾಸ್ ಮೆಸ್ಸರ್’, ನಪುಂಸಕಲಿಂಗ. ಕನ್ನಡದಲ್ಲಿ ಅರ್ಥ ನೋಡಿ ಲಿಂಗ ಹೇಳಬಹುದು. ಇಲ್ಲಿ ಹುಡುಗಿಯೇ ನಪುಂಸಕ! ಬಾಯಿಪಾಠವೇ ಗತಿ.

ಆದರೂ ಕನ್ನಡಿಗರಿಗೆ ಈ ಭಾಷೆ ಕೆಲವೆಡೆ ಇಂಗ್ಲಿಷಿಗಿಂತ ಹತ್ತಿರದ್ದು. ‘ಮಿಯರ್ ಇಸ್ಟ್ ಕಾಲ್ಟ್’ ಎಂದರೆ ‘ನನಗೆ ಚಳಿ’. ‘ಎಸ್ ಶ್ಮೆಕ್ಟ್ ಮಿಯರ್’ ಎಂದರೆ ‘ನನಗೆ ರುಚಿಸುತ್ತದೆ’. ಎರಡು ಭಾಷೆಯಲ್ಲೂ ಚತುರ್ಥಿ ವಿಭಕ್ತಿ. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದೂ ನಮ್ಮ ಹಾಗೆಯೇ. ಇಂಗ್ಲಿಷನ್ನು ಬದಿಗಿಟ್ಟು ಕನ್ನಡದಿಂದ ನೇರವಾಗಿ ಹೋದಾಗ ನಮಗೆ ದಾರಿ ಸಲೀಸಾಯಿತು.

ಪಾಠ ಗಟ್ಟಿಯಾದದ್ದು ಮಾತ್ರ ಊಟದಲ್ಲಿ. ಈ ಸೀಮೆಯ ಹೆಸರಾದ ಊಟ ‘ಲಿನ್ಸೆನ್ ಮಿಟ್ ಸ್ಪೆಟ್ಸ್‌ಲೆ’. ಚನ್ನಂಗಿ ಕಾಳು ಬೇಯಿಸಿ, ನಾವು ಹುಣಿಸೆಹಣ್ಣು ಹಾಕುವಂತೆ ಇವರು ವಿನಿಗರ್ ಹಾಕಿ ಹುಳಿ ಮಾಡುತ್ತಾರೆ. ಮೈದಾ ಮತ್ತು ಮೊಟ್ಟೆಯ ಹಿಟ್ಟನ್ನು ಶ್ಯಾವಿಗೆ ಒರಳಿನಂಥ ಸಾಧನದಿಂದ ಕುದಿಯುವ ನೀರಿಗೆ ಒತ್ತಿದರೆ ಸ್ಪೆಟ್ಸ್‌ಲೆ. ನಾವು ಮೊಟ್ಟೆ ತಿನ್ನುತ್ತೇವೆ, ಮಾಂಸ ತಿನ್ನುವುದಿಲ್ಲ. ಒಂದು ಹೋಟೆಲಿನಲ್ಲಿ ‘ಓನೆ ಫ್ಲೈಶ್’, ಮಾಂಸವಿಲ್ಲದೆ ಕೊಡಿ, ಎಂದೆವು. ಮೇಲಿಡುವ ಸಾಸೇಜು ಬಿಟ್ಟು ತಂದರು. ಕಾಳಿನೊಳಗೆ ಹಂದಿಕೊಬ್ಬಿನ ಚೂರು ಹಾಗೆಯೇ ಇತ್ತು. ಅದು ‘ಶ್ಪೆಕ್’, ನೀವು ಫ್ಲೈಶ್ ಬೇಡ ಎಂದಿರಷ್ಟೆ, ಎಂಬ ಉತ್ತರ ಬಂತು. ಅಂದಿನಿಂದ ‘ಓನೆ ಶ್ಪೆಕ್’ ಎಂಬುದನ್ನು ಮರೆತಿಲ್ಲ.

ಇನ್ನೊಂದು ಪಾಠ ನೆರೆಮನೆಯ ಅಜ್ಜಿಯದು. ಸೆಪ್ಟೆಂಬರಿನಲ್ಲಿ ಪ್ಲಮ್ ಹಣ್ಣಿನ ಕೇಕು ಮಾಡಿ ಕಾಫಿಗೆ ಕರೆದರು. ಇನ್ನೊಂದು ತುಂಡು ಮುಂದೆ ಹಿಡಿದಾಗ ಸೌಜನ್ಯದಿಂದ ‘ಡಾಂಕೆ’ ಎಂದೆವು. ತಟ್ಟೆ ಹಿಂದಕ್ಕೆ ಹೋಯಿತು! ಇಲ್ಲಿ ಬಡಿಸುವಾಗ ‘ಡಾಂಕೆ’ ಎಂದರೆ ‘ಬೇಡ’. ಬೇಕಾದರೆ ‘ಬಿಟ್ಟೆ’ ಎನ್ನಬೇಕು. ಬೇಡ ಎಂದವರಿಗೂ ಮೂರು ಸಲ ಉಪಚಾರ ಮಾಡುವ ನಾಡಿನವರು ನಾವು. ಹಸಿದು ಮನೆಗೆ ಬಂದೆವು. ಮುಂದಿನ ವಾರ ಅಜ್ಜಿಗೆ ಇದನ್ನು ಜರ್ಮನಿನಲ್ಲೇ, ತಪ್ಪುತಪ್ಪಾಗಿ, ವಿವರಿಸಿದೆವು. ಅವರು ನಕ್ಕು ಎರಡು ತುಂಡು ಬಡಿಸಿದರು. ಅಲ್ಲಿಂದ ಆ ಮನೆಯ ಬಾಗಿಲು ನಮಗೆ ತೆರೆಯಿತು.

ರಸಾಯನಶಾಸ್ತ್ರದವರಿಗೆ ಇಲ್ಲಿನ ಅಡುಗೆಮನೆ ಮತ್ತೊಂದು ಪ್ರಯೋಗಾಲಯ. ಬ್ರೆಟ್ಸೆಲ್ ಎಂಬ ತಿರುಚಿದ ಬ್ರೆಡ್ಡಿನ ಹೊಳೆಯುವ ಕಂದುಬಣ್ಣಕ್ಕೆ ಕಾರಣ, ಸುಡುವ ಮುನ್ನ ಅದನ್ನು ತೆಳು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದುವುದು. ಒಲೆಯ ಬಿಸಿಯಲ್ಲಿ ಕ್ಷಾರವು ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಕಾರ್ಬೊನೇಟ್ ಆಗುತ್ತದೆ, ಭಯಪಡಬೇಕಿಲ್ಲ. ನಮ್ಮ ಹಪ್ಪಳದ ಖಾರವೂ ಕ್ಷಾರವೇ ತಾನೆ! ಇನ್ನು ಸೌವರ್‌ಕ್ರೌಟ್, ಅಂದರೆ ಉಪ್ಪು ಬೆರೆಸಿ ಹುಳಿಯಿಸಿದ ಎಲೆಕೋಸು. ಅದನ್ನು ಮೊದಲು ಹುಳಿಗೆ ತಿರುಗಿಸುವ ಲ್ಯೂಕೊನೋಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯವೇ ಇಡ್ಲಿ ಹಿಟ್ಟಿನಲ್ಲೂ ಕೆಲಸ ಮಾಡುವುದು. ಇದನ್ನು ಹೇಳಿದಾಗ ಅಜ್ಜಿ ಇಡ್ಲಿ ತಿನ್ನಲು ಒಪ್ಪಿದರು.

ಕಲಿಯುವುದು ಕಷ್ಟವೆನಿಸಿದಾಗ ನಾವು ಇದೇ ಊರಿನಲ್ಲಿ 1903ರಲ್ಲಿ ತೀರಿಕೊಂಡ ಫರ್ಡಿನಾಂಡ್ ಕಿಟ್ಟೆಲ್ಲರನ್ನು ನೆನೆಯುತ್ತೇವೆ. 1853ರಲ್ಲಿ ಕನ್ನಡನಾಡಿಗೆ ಬಂದ ಈ ಜರ್ಮನ್ ಪಾದ್ರಿ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟರು. ಅದರಲ್ಲಿ ಸುಮಾರು 70,000 ಪದಗಳಿವೆ. ಅವರು ನಮ್ಮ ಭಾಷೆಗೆ ಅಷ್ಟು ಮಾಡಿರುವಾಗ ನಾವು ಅವರ ಭಾಷೆಯಲ್ಲಿ ಹೊಟ್ಟೆನೋವು ಹೇಳಿಕೊಳ್ಳುವಷ್ಟಾದರೂ ಕಲಿಯಬೇಡವೇ?

ಮಗಳು ಈಗಲೂ ನಮ್ಮ ಡೆರ್, ಡೀ, ಡಾಸ್ ತಿದ್ದುತ್ತಾಳೆ. ಆದರೆ ವೈದ್ಯರ ಮುಂದೆ ನಮ್ಮ ಪರವಾಗಿ ಮಾತನಾಡುವ ಭಾರ ಅವಳ ಮೇಲಿಲ್ಲ. ಮಕ್ಕಳನ್ನು ದುಭಾಷಿಗಳನ್ನಾಗಿ ಮಾಡಿಕೊಂಡಿರುವ ಬಂಧುಗಳು ಈ ಒಂದು ಮಾತನ್ನು ಯೋಚಿಸಬೇಕೆಂದು ಕೋರುತ್ತೇವೆ.

ಮುಂದಿನ ಯುಗಾದಿ ಕೂಟಕ್ಕೆ ನಾವು ಲಿನ್ಸೆನ್ ಮತ್ತು ಸ್ಪೆಟ್ಸ್‌ಲೆ ಮಾಡಿ ತರುತ್ತೇವೆ, ಓನೆ ಶ್ಪೆಕ್. ಬಡಿಸಲು ಬಂದಾಗ ಯಾರೂ ‘ಡಾಂಕೆ’ ಎನ್ನಬೇಡಿ!